ಸ್ಟೇಟ್ ಮೇಡಂ, ಸೆಂಟ್ರಲ್ ಮೇಡಂ

ತನ್ನ ಕುರ್ಚಿಯ ಮೇಲೆ ತಂಗಿಯ ಕೈಚೀಲ ಕೂತಿರುವುದನ್ನು ಕಂಡು ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

ಕುರ್ಚಿಯೇನು ಸಿಂಹಾಸನವಲ್ಲ. ಗುಜರಿಗೆ ಹೋಗಬೇಕಿದ್ದ ಬಸ್ಸೊಂದರ ಡ್ರೈವರ್ ಸೀಟನ್ನು ಕಿತ್ತು, ಅದಕ್ಕೆ ಕಬ್ಬಿಣದ ಕಾಲು ಬೆಸೆದು ಡಿಪೋದ ವೆಲ್ಡರ್ ಮಾಡಿಕೊಟ್ಟದ್ದು. ಕೂತರೆ ಕಿರ್ರೆನ್ನುತ್ತಿತ್ತು. ಆದರೂ ಬಸ್ ನೌಕರರ ಪತ್ತಿನ ಸಂಘದ ಆ ಇಕ್ಕಟ್ಟಾದ ಆಫೀಸಿನಲ್ಲಿ, ಕಿಟಕಿಯ ಪಕ್ಕದಲ್ಲಿ, ಅವಳ ಬೆನ್ನುನೋವಿಗೆಂದೇ ಹುಟ್ಟಿದ ಕುರ್ಚಿ ಅದು. ವರ್ಷಕ್ಕೊಮ್ಮೆ ಅವಳು ತಪಾಸಣೆಗೆ ಬರುವ ದಿನ ಮ್ಯಾನೇಜರು ತಮ್ಮ ಕರವಸ್ತ್ರದಿಂದಲೇ ಅದರ ಧೂಳು ಒರೆಸುತ್ತಿದ್ದರು. ತಂಗಿ ಅದರಲ್ಲಿ ಕೂತಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅವಳು ಮಾಮೂಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಇದನ್ನು ಚೀಲ ಇಡುವುದಕ್ಕೆ ಬಳಸಿದ್ದಳು.

"ಬಾ ಅಕ್ಕಾ, ನಿಂಗೇ ಕಾಯ್ತಿದ್ದೆ," ಎಂದಳು ತಂಗಿ, ಕಾಗದಗಳಿಂದ ತಲೆ ಎತ್ತಿ ನಗುತ್ತಾ. "ಇವರ ಕಾಫಿ ಎಷ್ಟು ಚೆನ್ನಾಗಿದೆ ಗೊತ್ತಾ?"

"ಗೊತ್ತು," ಎಂದಳು ಅಕ್ಕ. "ನೀನು ಕಾಲೇಜಿಗೆ ಹೋಗ್ತಿದ್ದಾಗಿಂದ ಕುಡೀತಿದ್ದೀನಿ."

ಮ್ಯಾನೇಜರು ತೆಳ್ಳಗಿನ ಮನುಷ್ಯ. ಯಾವಾಗ ನೋಡಿದರೂ ಯಾರಲ್ಲೋ ಕ್ಷಮೆ ಕೇಳಲು ಹೊರಟಂತೆ ಇರುತ್ತಿದ್ದರು. ಚೀಲವನ್ನು ಎತ್ತುವುದೋ ಬಿಡುವುದೋ ತಿಳಿಯದೆ ಕೈ ಚಾಚಿದರು, ಹಿಂತೆಗೆದರು. ಕೊನೆಗೆ ಹೊರಗೆ ತಿರುಗಿ, "ಯಾರಲ್ಲಿ, ಸ್ಟೇಟ್ ಮೇಡಂಗೆ ಒಂದು ಕುರ್ಚಿ ತನ್ನಿ!" ಎಂದು ಕೂಗಿದರು.

ಹಾಗೆ ಅವಳು ಸ್ಟೇಟ್ ಮೇಡಂ ಆದಳು. ಇಷ್ಟು ವರ್ಷ ಈ ಡಿಪೋದಲ್ಲಿ ಮೇಡಂ ಎಂದರೆ ಅವಳೊಬ್ಬಳೇ. ಯಾವ ಮೇಡಂ ಎಂದು ಬಿಡಿಸಿ ಹೇಳಬೇಕಾದ ಕಾಲ ಬಂದಿತ್ತು.

ಪತ್ತಿನ ಸಂಘವೆಂದರೆ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಸಂಬಳದಲ್ಲಿ ಒಂದಿಷ್ಟು ಕೂಡಿಟ್ಟು, ಮನೆ ರಿಪೇರಿಗೋ ಮಕ್ಕಳ ಫೀಸಿಗೋ ಅಲ್ಲಿಂದಲೇ ಸಾಲ ಎತ್ತುವ ಏರ್ಪಾಡು. ಅದರ ಮೇಲೆ ಕಣ್ಣಿಡುವ ಕೆಲಸ ಮೊದಲಿನಿಂದಲೂ ರಾಜ್ಯದ ಸಹಕಾರ ಇಲಾಖೆಯದು. ಈಗ ಕೇಂದ್ರ ಸರ್ಕಾರ ಹೊಸದೊಂದು ಮಂಡಳಿ ಮಾಡಿ, ಇಷ್ಟವಿದ್ದ ಸಂಘಗಳು ತನ್ನ ಉಸ್ತುವಾರಿಗೆ ಬರಬಹುದು, ಸದಸ್ಯರೇ ಸಭೆ ಸೇರಿ ತೀರ್ಮಾನಿಸಲಿ ಎಂದಿತ್ತು. ತನ್ನ ಮನೆಯ ಅಡಿಗೆಕೋಣೆಗೇ ಕೈ ಹಾಕಿದರೆಂದು ರಾಜ್ಯ ಕೋರ್ಟಿಗೆ ಹೋಯಿತು. ತೀರ್ಪು ಬರುವವರೆಗೆ ಇಬ್ಬರೂ ಹೋಗಿ ನೋಡಿಕೊಳ್ಳಿ, ಯಾರೂ ಯಾರಿಗೂ ಅಡ್ಡ ಬರಬೇಡಿ ಎಂದಿತು ಕೋರ್ಟು. ಅಕ್ಕನ ಮೇಲಧಿಕಾರಿ ಎಲ್ಲ ತಪಾಸಣಾಧಿಕಾರಿಗಳನ್ನೂ ಕೂಡಿಸಿಕೊಂಡು, "ಒಂದೇ ಒಂದು ಸಂಘ ಆ ಕಡೆ ಜಾರಿದರೂ ನನ್ನ ಮುಂದೆ ಬಂದು ನಿಲ್ಲಬೇಡಿ" ಎಂದು ಗುಡುಗಿದ್ದ. ಆ ಕಡೆಯವರೂ ತಮ್ಮವರಿಗೆ ಇಂಥದ್ದೇ ಏನೋ ಹೇಳಿ ಕಳಿಸಿರಬೇಕು.

ಆ ಕಡೆಯಿಂದ ಈ ಊರಿಗೆ ಬಂದವಳು ತಂಗಿ.

ಇಬ್ಬರೂ ಬರೆದದ್ದು ಒಂದೇ ಪರೀಕ್ಷೆ, ಕೇಂದ್ರ ಸರ್ಕಾರದ ನೌಕರಿಯದು. ಅಕ್ಕ ಎರಡು ಸಲ ಬರೆದು ಎರಡು ಸಲವೂ ಕೂದಲೆಳೆಯಲ್ಲಿ ಸೋತಳು. ರಾಜ್ಯದ ಕೆಲಸ ಸಿಕ್ಕಿತು, ಸೇರಿಕೊಂಡಳು. ಕೆಲವು ವರ್ಷಗಳ ಮೇಲೆ ತಂಗಿ ಅವೇ ಪುಸ್ತಕಗಳನ್ನು, ಅಕ್ಕ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿಟ್ಟಿದ್ದವನ್ನೇ ಓದಿ, ಮೊದಲ ಏಟಿಗೇ ಪಾಸಾದಳು. "ನಿನ್ನ ಗೆರೆ ಇರದಿದ್ರೆ ನಾನೆಲ್ಲಿ ಪಾಸಾಗ್ತಿದ್ದೆ ಅಕ್ಕಾ" ಎಂದು ಬಂದು ತಬ್ಬಿಕೊಂಡಿದ್ದಳು. ಆ ಮಾತು ಅಕ್ಕನ ಗಂಟಲಲ್ಲಿ ಇಳಿಯದೆ ಹಾಗೇ ಕೂತಿತ್ತು. ತಂಗಿಗೆ ಒಂಚೂರು ಕೊಬ್ಬು ಇದ್ದಿದ್ದರೆ ಬೈದು ಹಗುರಾಗಬಹುದಿತ್ತು. ಅದಿರಲಿಲ್ಲ. ಜನ ತಾವಾಗಿಯೇ ಅವಳ ಕಡೆ ವಾಲುತ್ತಿದ್ದರು, ಬಿಸಿಲಿಗೆ ಗಿಡ ವಾಲಿದಂತೆ. ಅಕ್ಕ ಬೆವರು ಸುರಿಸಿ ಗಳಿಸಿದ್ದನ್ನು ಅವಳು ಒಂದು ನಗುವಿನಲ್ಲಿ ಪಡೆದು, ಪಡೆದದ್ದು ಗೊತ್ತೇ ಇಲ್ಲದವಳಂತೆ ಮುಂದೆ ಹೋಗುತ್ತಿದ್ದಳು.

ಅಂದೂ ಹಾಗೆಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ವೆಲ್ಡರ್ ಬಂದು "ಸೆಂಟ್ರಲ್ ಮೇಡಂ, ಬಾಗಿಲ ಹತ್ರ ಗಾಳಿ ಜಾಸ್ತಿ, ಮೇಜು ಈ ಕಡೆ ಸರಿಸಲಾ?" ಎಂದು ಕೇಳಿದ. ಅಕ್ಕನಿಗೆ ಬೆನ್ನು ಹೇಗಿದೆ ಎಂದು ಕೇಳಲು ಮರೆತ. ಆಮೇಲೆ ಹಿರಿಯ ಕಂಡಕ್ಟರಮ್ಮ ತನ್ನ ಪಾಳಿ ಮುಗಿಸಿ ಬಂದಳು. ಈ ಡಿಪೋದ ಮೊದಲ ಹೆಣ್ಣು ಕಂಡಕ್ಟರ್ ಅವಳು. ಗಂಡ ತೀರಿಹೋದ ಮೇಲೆ ಮಗಳೂ ಮೊಮ್ಮಗಳೂ ಅವಳ ಸಂಬಳದಲ್ಲೇ ಇದ್ದರು, ನಿವೃತ್ತಿ ಹತ್ತಿರವಾಗಿತ್ತು. ಅಕ್ಕನನ್ನು ಕಂಡು ಬಾಯ್ತುಂಬ ಮಾತಾಡಿದಳು. ಅಕ್ಕನ ಜೀವ ಒಂದಿಷ್ಟು ತಣ್ಣಗಾಯಿತು.

"ನಿಮಗೆ ಗೊತ್ತಿಲ್ಲ ಕಣಮ್ಮ," ಎಂದು ಕಂಡಕ್ಟರಮ್ಮ ತಂಗಿಯ ಕಡೆ ತಿರುಗಿದಳು. "ಮುಷ್ಕರದಾಗೆ ಬಸ್ಸೆಲ್ಲ ನಿಂತು, ಸಂಘ ಮುಳುಗ್ತಂತೆ ಅಂತ ಗಾಳಿಸುದ್ದಿ ಹಬ್ಬಿ, ಕೌಂಟರ್ ಮುಂದೆ ನೂಕುನುಗ್ಗಲು. ನಾನೂ ಇದ್ದೆ, ಸುಳ್ಳು ಯಾಕೆ ಹೇಳ್ಲಿ. ಈ ಮೇಡಂ ಬಾಗಿಲಿಗೆ ಸ್ಟೂಲ್ ಹಾಕ್ಕೊಂಡು ಕೂತ್ರು. 'ನಿಮ್ಮ ದುಡ್ಡು ಇದೆ, ನಾನೇ ನೋಡಿದ್ದೀನಿ, ಇಲ್ಲ ಅಂತಾದ್ರೆ ನನ್ನ ಕತ್ತಿನ ಪಟ್ಟಿ ಹಿಡೀರಿ' ಅಂದ್ರು. ಅಷ್ಟೇ! ಎಲ್ಲ ಮನೆಗೆ ಹೋದ್ವಿ."

"ನಮ್ಮಕ್ಕ ಚಿಕ್ಕಂದಿನಿಂದ್ಲೂ ಹಾಗೇ," ಎಂದಳು ತಂಗಿ, ಹೆಮ್ಮೆಯಿಂದ ಮುಖ ಅರಳಿಸಿ.

ಹೊಗಳಿಕೆ ಅಕ್ಕನದು, ಅದನ್ನು ಹಂಚಿಕೊಂಡವಳು ತಂಗಿ. ಹೊರಡುವಾಗ ಕಂಡಕ್ಟರಮ್ಮ ಇಬ್ಬರಲ್ಲಿ ಯಾರ ಕೆನ್ನೆ ತಟ್ಟಿದಳು ಎನ್ನುವುದನ್ನು ಹೇಳಬೇಕಾಗಿಲ್ಲ.

ಊಟದ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಕೆಳಗೆ ಬಸ್ಸೊಂದರ ಬಾನೆಟ್ಟಿನೊಳಗೆ ಇಬ್ಬರು ಮೆಕ್ಯಾನಿಕ್ಕುಗಳು ಸೊಂಟದವರೆಗೆ ಮುಳುಗಿದ್ದರು.

"ಇಲ್ಲಿ ಅರ್ಧಕ್ಕರ್ಧ ಸಾಲ ಬಾಯಿಮಾತಿನ ಮೇಲೆ ಕೊಟ್ಟಿದ್ದು," ಎಂದಳು ತಂಗಿ. "ಜಾಮೀನಿಲ್ಲ, ಏನಿಲ್ಲ. ನೀನು ಹೇಗೆ ಬಿಟ್ಟೆ?"

"ತಗೊಂಡೋರೆಲ್ಲ ವಾಪಸ್ ಕಟ್ತಿದ್ದಾರಾ ಇಲ್ವಾ?"

"ಕಟ್ತಿದ್ದಾರೆ."

"ಮತ್ತೇನು? ಯಾರು ಕಟ್ತಾರೆ, ಯಾರು ಕೈ ಎತ್ತುತ್ತಾರೆ ಅಂತ ಇಲ್ಲಿ ಮುಖ ನೋಡಿದ್ರೆ ಗೊತ್ತಾಗತ್ತೆ. ಮುಷ್ಕರ ಆದಾಗ ಕಂತು ಮುಂದಕ್ಕೆ ಹಾಕಿಸಿದ್ದೂ ನಾನೇ. ನಿಮ್ಮ ಮಂಡಳಿ ಹಾಕುತ್ತಾ?"

"ಇಲ್ಲ," ತಂಗಿ ಪ್ರಾಮಾಣಿಕವಾಗಿ ಒಪ್ಪಿಕೊಂಡಳು. "ಅಲ್ಲಿಂದ ಯಾರೂ ಸ್ಟೂಲ್ ತಗೊಂಡು ಬರಲ್ಲ. ಆದ್ರೆ ಅಕ್ಕಾ, ನೀನಿರೋವರೆಗೆ ಸರಿ. ನಿನ್ನ ಜಾಗಕ್ಕೆ ಮುಖ ಓದೋಕೆ ಬರದೇ ಇರೋನು ಬಂದ್ರೆ?"

ಅಕ್ಕ ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಮುಚ್ಚಿದಳು. ವಾದದಲ್ಲಿ ಸೋಲುವುದು ಅವಳಿಗೆ ಹೊಸದಲ್ಲ. ಎದುರಿನವಳು ಅರ್ಧ ದಾರಿ ತಾನೇ ಸೋತು ಬಂದು, ಆಮೇಲೆ ಗೆಲ್ಲುತ್ತಾಳಲ್ಲ, ಅದು ಮೈ ಉರಿಸುತ್ತಿತ್ತು.

ಯಾರ ಉಸ್ತುವಾರಿ ಎಂದು ಸದಸ್ಯರು ತೀರ್ಮಾನಿಸುವ ಸಭೆಯ ಹಿಂದಿನ ದಿನ ಸಂಜೆ ಅಮ್ಮ ಅಡಿಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅಪ್ಪ ಹೋದಾಗಿನಿಂದ ಅಮ್ಮ ಅಕ್ಕನ ಮನೆಯಲ್ಲೇ. ಮಾತ್ರೆ, ಮೂಳೆ ಡಾಕ್ಟರು, ಕನ್ನಡಕ, ಎಲ್ಲ ಅಕ್ಕನದೇ. ತಂಗಿ ಬಂದು ಇಳಿದದ್ದು ಸರ್ಕಾರಿ ಅತಿಥಿಗೃಹದಲ್ಲಿ, ಇಲಾಖೆಯ ನಿಯಮ ಹಾಗಿದೆಯೆಂದು. ಅಮ್ಮ ಅಲ್ಲಿಗೆ ಡಬ್ಬಿಗಟ್ಟಲೆ ಅಡಿಗೆ ಕಳಿಸುತ್ತಿದ್ದಳು, ಅಕ್ಕನ ಕೈಯಲ್ಲೇ.

"ನಾಳೆ ಸಭೇಲಿ ಅವಳಿಗೆ ಮುಖಭಂಗ ಆಗೋ ಹಾಗೆ ಏನೂ ಮಾತಾಡಬೇಡ," ಎಂದಳು ಅಮ್ಮ. "ಪಾಪ, ಇಲ್ಲಿ ಅವಳಿಗೆ ಯಾರೂ ಗೊತ್ತಿಲ್ಲ."

"ನನಗೆ ಮುಖಭಂಗ ಆದ್ರೆ?"

"ನಿಂಗೇನೇ! ನೀನು ಗಟ್ಟಿಗಿತ್ತಿ."

ಗಟ್ಟಿಗಿತ್ತಿ. ಒಂದೇ ಸೈಕಲ್ಲು ತಂಗಿಗೆ ಹೋದ ದಿನ ಅಕ್ಕನಿಗೆ ಸಿಕ್ಕಿದ್ದು ಈ ಮಾತು. ಕಿಟಕಿಯಿದ್ದ ಕೋಣೆ ತಂಗಿಗಾದಾಗಲೂ ಇದೇ. ಅಕ್ಕ ಅಮ್ಮನ ಮುಂದಿನ ಬುಟ್ಟಿಯಿಂದ ಒಂದು ಹಿಡಿ ಕಾಯಿ ಎತ್ತಿಕೊಂಡು ಬಿಡಿಸತೊಡಗಿದಳು. ಸಿಪ್ಪೆ ಯಾವುದು, ಕಾಳು ಯಾವುದು ನೋಡದೆ ಎರಡನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದಾಳೆಂದು ಅಮ್ಮ ಬೈದಳು.

ಭಾನುವಾರ ಬಸ್ಸುಗಳನ್ನು ಅಂಗಳಕ್ಕೆ ಸರಿಸಿ, ರಿಪೇರಿ ಶೆಡ್ಡಿನೊಳಗೇ ಸಭೆ ಸೇರಿಸಿದ್ದರು. ನೆಲದಲ್ಲಿ ಆಯಿಲ್ಲಿನ ಕಪ್ಪು ಕಲೆ. ಬೆಂಚು ಸಾಲದೆ ಜನ ಟೈರುಗಳ ಮೇಲೆ ಕೂತಿದ್ದರು. ಮೈಕು ಮೊದಲು ಕೀಚೆಂದು ಚೀರಿ, ಆಮೇಲೆ ಸತ್ತು, ಯಾರೋ ಒದ್ದ ಮೇಲೆ ಬದುಕಿತು.

ಅಕ್ಕ ಮೊದಲು ಮಾತಾಡಿದಳು. ಅವಳು ಅಷ್ಟು ಚೆನ್ನಾಗಿ ಯಾವತ್ತೂ ಮಾತಾಡಿರಲಿಲ್ಲ. ಯಾರ ಮನೆಯ ಮಾಡು ಸೋರಿದಾಗ ಸಂಘ ಕೈ ಹಿಡಿಯಿತು, ಅಪಘಾತವಾಗಿ ಅಮಾನತಾದ ಡ್ರೈವರಿನ ಕಂತನ್ನು ಹೇಗೆ ತಡೆಹಿಡಿದರು, ಎಲ್ಲ ಹೇಳಿದಳು. "ನಿಮ್ಮ ಕಷ್ಟ ಹೇಳಿಕೊಳ್ಳೋಕೆ ರಾಜಧಾನಿಗೆ ರೈಲು ಹತ್ತಬೇಕಾ, ಇಲ್ಲಾ ಮಾರ್ಕೆಟ್ ಹಿಂದಿನ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದ್ರೆ ಸಾಕಾ, ಯೋಚನೆ ಮಾಡಿ" ಎಂದಾಗ ಜನ ಹೋ ಎಂದು ನಕ್ಕರು.

ತಂಗಿಯ ಸರದಿ ಬಂತು. ಅವಳು ಸಪ್ಪೆಯಾಗಿ, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಕೇಂದ್ರದ ನಿಯಮ ಬಿಗಿ. ಬಾಯಿಮಾತಿನ ಸಾಲ ನಡೆಯುವುದಿಲ್ಲ. ಆದರೆ ಸಂಘ ಮುಳುಗಿದರೆ ಸದಸ್ಯರ ಉಳಿತಾಯ ತುಂಬಿಕೊಡಲು ಒಂದು ಭದ್ರತಾ ನಿಧಿ ಇದೆ. ಟೈರಿನ ಮೇಲೆ ಕೂತವನೊಬ್ಬ ಆಕಳಿಸಿದ. ಅದನ್ನು ಕಂಡು ಅಕ್ಕನಿಗೆ ಆದ ಸಂತೋಷ ಅವಳಿಗೇ ಒಂದಿಷ್ಟು ನಾಚಿಕೆ ತಂದಿತು. ನಾಚಿಕೆ ಬೇಗ ಹೋಯಿತು, ಸಂತೋಷ ಉಳಿಯಿತು.

ಆಗ ಕಂಡಕ್ಟರಮ್ಮ ಎದ್ದು ನಿಂತಳು.

"ನನಗೆ ಈ ಕಾನೂನೆಲ್ಲ ತಲೆಗೆ ಹೋಗಲ್ಲ. ಒಂದೇ ಮಾತು. ನಾಳೆ ಸಂಘ ಮುಳುಗಿದ್ರೆ ಆಯಮ್ಮನ ಕಡೆಯೋರು ದುಡ್ಡು ಕೊಡ್ತಾರಂತೆ. ನೀವು ಕೊಡ್ತೀರಾ ಮೇಡಂ? ನಿಮ್ಮದೂ ಅಂಥ ನಿಧಿ ಐತಾ?"

ರಾಜ್ಯದ ನಿಧಿ ಎನ್ನುವುದು ಮಂತ್ರಿಯೊಬ್ಬರು ಭಾಷಣದಲ್ಲಿ ಘೋಷಿಸಿ ಮರೆತ ಸಂಗತಿ. ಅದರ ಫೈಲು ಯಾವ ಮೇಜಿನಲ್ಲಿ ಮಲಗಿದೆ ಎಂಬುದೂ ಅಕ್ಕನಿಗೆ ಗೊತ್ತಿತ್ತು. ಶೆಡ್ಡು ತುಂಬ ಮುಖಗಳು ಅವಳನ್ನೇ ನೋಡುತ್ತಿದ್ದವು, ಒಂದಾದರೂ ತಂಗಿಯ ಕಡೆ ತಿರುಗಿರಲಿಲ್ಲ.

"ಇದೆ," ಎಂದಳು ಅಕ್ಕ.

"ಐತಾ?"

"ಇದೆ ಅಂದ್ನಲ್ಲ. ನಮ್ಮದೂ ನಿಧಿ ಇದೆ. ನಾನು ಯಾವತ್ತಾದ್ರೂ ನಿಮಗೆ ಮೋಸ ಮಾಡಿದ್ದೀನಾ?"

ಚಪ್ಪಾಳೆ ತಗಡಿನ ಮಾಡಿಗೆ ಬಡಿದು ಎರಡರಷ್ಟಾಯಿತು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಕಂಡಕ್ಟರಮ್ಮ ನಿರಾಳವಾಗಿ ಉಸಿರು ಬಿಟ್ಟು ಕೂತಳು. ಮ್ಯಾನೇಜರು ಮೈಕನ್ನು ತಂಗಿಯ ಕಡೆ ಚಾಚಿ, "ಸೆಂಟ್ರಲ್ ಮೇಡಂ, ಇದಕ್ಕೆ ನೀವೇನಾದ್ರೂ..." ಎಂದರು.

ತಂಗಿ ಮೈಕು ಹಿಡಿದು ನಿಂತಳು. ನಿಧಿ ಇಲ್ಲವೆಂಬುದು ಅವಳಿಗೆ ಗೊತ್ತಿರದೆ ಹೇಗೆ? ಅದನ್ನು ಹೇಳುವುದೇ ಅವಳ ಕೆಲಸ. ಅಕ್ಕ ಬೆನ್ನು ನೆಟ್ಟಗೆ ಮಾಡಿ ಏಟಿಗೆ ಕಾದಳು. ಹೇಳಲಿ. ಎಲ್ಲರ ಮುಂದೆ ಅಕ್ಕನನ್ನು ಸುಳ್ಳಿ ಎನ್ನಲಿ. ಆಗಲಾದರೂ ಅವಳನ್ನು ಮನಸಾರೆ ದ್ವೇಷಿಸಲು ಒಂದು ಕಾರಣ ಸಿಗುತ್ತದೆ.

ತಂಗಿ ಅಕ್ಕನ ಕಡೆ ನೋಡಿದಳು. ಆ ನೋಟ ಅಕ್ಕನಿಗೆ ಗುರುತಿನದು. ತಾನು ಎರಡನೇ ಸಲ ಬರೆದ ಪರೀಕ್ಷೆಯ ಫಲಿತಾಂಶ ಬಂದ ಬೆಳಿಗ್ಗೆ, ಎರಡು ಜಡೆಯ ತಂಗಿ ಪೇಪರನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಇವತ್ತು ಪೇಪರ್ ಬಂದಿಲ್ಲ ಅಕ್ಕಾ" ಎಂದಾಗ ಹೀಗೇ ನೋಡಿದ್ದಳು.

"ನಿಧಿಯ ವಿಷಯ... ಅವರು ಹೇಳಿದ್ದಾರೆ," ಎಂದಳು ತಂಗಿ ಮೆಲ್ಲಗೆ. "ನಾನು ಮುಂದಿನ ವಿಷಯಕ್ಕೆ ಬರ್ತೀನಿ."

ಆ ಕ್ಷಣದಲ್ಲಿ ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದ್ದು ಸತ್ಯದ ಮೇಲಿನ ಪ್ರೀತಿ ಎಂದು ಆಮೇಲೆ ಹಲವರು ಹೇಳಿದರು. ಅವಳಿಗೆ ಗೊತ್ತಿದ್ದದ್ದು ಬೇರೆ. ಕುರ್ಚಿ ಕೊಡಬಹುದು, ಕಿಟಕಿ ಕೊಡಬಹುದು, ಅಮ್ಮನನ್ನೂ ಕೊಡಬಹುದು. ಆದರೆ ಇವಳ ಕರುಣೆಯ ಮೇಲೆ ಗೆದ್ದು ಈ ಜನರ ಮುಂದೆ ಓಡಾಡಲು ಅವಳಿಂದ ಸಾಧ್ಯವಿರಲಿಲ್ಲ. ಎಲ್ಲದರಲ್ಲೂ ಮುಂದಿದ್ದವಳು ಈಗ ದೊಡ್ಡತನದಲ್ಲೂ ಮುಂದಾಗುವುದೇ?

"ನಿಲ್ಲು," ಎಂದಳು. ಎರಡೇ ಹೆಜ್ಜೆಯಲ್ಲಿ ಹೋಗಿ ಮೈಕು ಕಸಿದುಕೊಂಡಳು. "ಅವಳು ಹೇಳಬೇಕಾದ್ದನ್ನ ನುಂಗ್ತಿದ್ದಾಳೆ. ನಾನೇ ಹೇಳ್ತೀನಿ. ನಮ್ಮದು ನಿಧಿ ಇಲ್ಲ. ಮಾಡ್ತೀವಿ ಅಂತ ಹೇಳಿದ್ರು, ಮಾಡಿಲ್ಲ. ಯಾವಾಗ ಮಾಡ್ತಾರೋ ನನಗೆ ಗೊತ್ತಿಲ್ಲ. ಈಗ ತಾನೇ ಇದೆ ಅಂದೆನಲ್ಲ, ಅದು ಸುಳ್ಳು."

ಹೊರಗೆ ಯಾವುದೋ ಬಸ್ಸಿನ ಏರ್ ಬ್ರೇಕು ಉಸ್ಸೆಂದಿತು.

"ಮತ್ತೆ ಮೊದಲು ಯಾಕೆ ಹಾಗಂದ್ರಿ ಮೇಡಂ?" ಎಂದು ಕಂಡಕ್ಟರಮ್ಮ ಕೇಳಿದಳು. ಕೋಪವಿರಲಿಲ್ಲ, ಟಿಕೆಟ್ಟು ಎಲ್ಲಿ ಎಂದು ಕೇಳಿದಂತೆ ಕೇಳಿದಳು.

"ನೀವೆಲ್ಲ ನನ್ನ ಕಡೆ ಇರ್ಲಿ ಅಂತ," ಎಂದಳು ಅಕ್ಕ. ಮೈಕನ್ನು ಮ್ಯಾನೇಜರ ಕೈಗೆ ಕೊಟ್ಟು ತನ್ನ ಜಾಗಕ್ಕೆ ಬಂದು ಕೂತಳು.

ಕೈ ಎತ್ತುವ ಹೊತ್ತು ಬಂದಾಗ ಕೇಂದ್ರದ ಕಡೆಗೆ ಎದ್ದ ಕೈಗಳನ್ನು ಎಣಿಸುವ ಅಗತ್ಯ ಬೀಳಲಿಲ್ಲ. ಹಿಂದಿನ ಬೆಂಚಿನವರು ಕೆಲವರು ಹಟಕ್ಕೆ ಕೈ ಕಟ್ಟಿ ಕೂತಿದ್ದರು. ವೆಲ್ಡರ್ ಅಕ್ಕನ ಮುಖ ನೋಡುತ್ತಾ ಅರ್ಧ ಎತ್ತಿ, ಕಿವಿ ಕೆರೆದುಕೊಂಡವನಂತೆ ಮಾಡಿ, ಆಮೇಲೆ ಪೂರ್ತಿ ಎತ್ತಿದ. ಕಂಡಕ್ಟರಮ್ಮ ಹೋಗುವಾಗ ಹತ್ತಿರ ಬಂದು, "ನಿಧಿ ಇಲ್ಲ ಅಂತ ನೀವು ಹೇಳಿದ್ರಿ ಅಂತಲೇ ನಂಬಿ ಆ ಕಡೆ ಕೈ ಎತ್ತಿದೆ. ಬೇಜಾರು ಮಾಡ್ಕೋಬೇಡಿ" ಎಂದಳು. ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆಂದು ಅವಳೂ ಹೇಳಲಿಲ್ಲ, ಅಕ್ಕನೂ ಕೇಳಲಿಲ್ಲ.

ಮ್ಯಾನೇಜರು ಸಭೆಯ ನಡಾವಳಿ ಬರೆಯುವ ನೆಪದಲ್ಲಿ ತಲೆ ತಗ್ಗಿಸಿಯೇ ಇದ್ದರು. ಅಕ್ಕ ಶೆಡ್ಡಿನಿಂದ ಹೊರಗೆ ಬಂದು, ಅಂಗಳದಲ್ಲಿ ನಿಂತ ಬಸ್ಸುಗಳ ನಡುವೆ ಗೇಟಿನ ಕಡೆ ನಡೆದಳು. ಹಿಂದಿನಿಂದ ತಂಗಿಯ ಬೂಟಿನ ಸದ್ದು ಓಡುತ್ತಾ ಬಂತು.

"ಅಕ್ಕಾ, ನಿಲ್ಲೇ. ನನ್ನ ಕಾರಿದೆ, ಬಾ."

"ಬೇಡ. ಬಸ್ಸಿಗೆ ಹೋಗ್ತೀನಿ."

"ನಾಳೆ ನಿಮ್ಮ ಸಾಹೇಬರು ಏನಂತಾರೆ?"

"ಅದು ನನ್ನ ಪಾಡು." ನಾಳೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಮೆಮೊ, ಆಮೇಲೆ ಯಾವುದಾದರೂ ಮೂಲೆಯ ತಾಲೂಕಿಗೆ ವರ್ಗ. "ನಿನ್ನ ಕೆಲಸ ನೀನು ಯಾಕೆ ಮಾಡ್ಲಿಲ್ಲ? ಸುಳ್ಳು ಕೇಳಿಸಿಕೊಂಡು ಯಾಕೆ ಸುಮ್ಮನಿದ್ದೆ? ನಿನ್ನ ನೌಕರಿಗೇ ಕುತ್ತು ಬರ್ತಿತ್ತು."

ತಂಗಿ ಅಕ್ಕನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದಳು.

"ಅವರು ಚಪ್ಪಾಳೆ ಹೊಡೆದ್ರಲ್ಲ," ಎಂದಳು. "ಆಗ ನನಗೆ ಹೊಟ್ಟೆ ಉರಿದುಹೋಯ್ತು ಅಕ್ಕಾ. ನಾನು ಹೋದ ಕಡೆಯೆಲ್ಲ ಜನ ಕಾಫಿ ಕೊಡ್ತಾರೆ, ನಗ್ತಾರೆ. ಹೊರಟ ಮೇಲೆ ಒಬ್ಬರೂ ನೆನೆಸ್ಕೊಳ್ಳಲ್ಲ. ನಿನಗೆ ಹೊಡೆದಂಗೆ ನನಗೆ ಯಾರೂ ಯಾವತ್ತೂ ಚಪ್ಪಾಳೆ ಹೊಡೆದಿಲ್ಲ. ಉರಿ ಬಂದಾಗ ಬಾಯಿ ಬಿಡಬಾರದು ಅಂತ ಸುಮ್ಮನಾದೆ. ಬಿಟ್ಟಿದ್ರೆ ಏನೇನು ಬರ್ತಿತ್ತೋ."

"ಅವರು ಹೊಡೆದಿದ್ದು ಸುಳ್ಳಿಗೆ."

"ಆದ್ರೂ."

ಅಕ್ಕ ಏನೋ ಹೇಳಹೊರಟಳು. ಅಷ್ಟರಲ್ಲಿ ಪಕ್ಕದ ತೊಳೆಯುವ ಕಟ್ಟೆಯಲ್ಲಿ, ಸಭೆಗೆಂದು ನಿಲ್ಲಿಸಿದ್ದ ಕೆಲಸವನ್ನು ಯಾರೋ ಮತ್ತೆ ಶುರು ಮಾಡಿದರು. ದಪ್ಪ ಪೈಪಿನಿಂದ ನೀರು ಬಸ್ಸಿನ ಮೈಗೆ ಅಪ್ಪಳಿಸಿ, ಸೋಪಿನ ನೊರೆಯ ಜೊತೆ ಅಂಗಳದ ತುಂಬ ಹರಿದು ಬಂತು. ಇಬ್ಬರೂ ಒಟ್ಟಿಗೇ ಹಾರಿದರು. ಹತ್ತಿರದಲ್ಲಿದ್ದದ್ದು ಡೀಸೆಲ್ ಪಂಪಿನ ಸುತ್ತಲಿನ ಗೇಣಗಲದ ಸಿಮೆಂಟು ದಿಂಡು. ಅದರ ಮೇಲೆ ತುದಿಗಾಲಲ್ಲಿ ನಿಂತು, ಬೀಳದಂತೆ ಒಬ್ಬರ ಮೊಣಕೈ ಒಬ್ಬರು ಹಿಡಿದುಕೊಂಡರು.

"ಸ್ಟೇಟೂ ಸೆಂಟ್ರಲ್ಲೂ ಹ್ಯಾಗೆ ನೆಗೀತಾವೆ ನೋಡ್ರಪ್ಪೋ!" ಎಂದು ಶೆಡ್ಡಿನ ಕಡೆಯಿಂದ ಯಾರೋ ಕೂಗಿದರು. ನಗು ಎದ್ದಿತು.

ಅಕ್ಕ ಕೆಳಗೆ ನೋಡಿದಳು. ತಂಗಿಯ ದುಬಾರಿ ಬೂಟು ಪೂರ್ತಿ ಒದ್ದೆಯಾಗಿತ್ತು. ತನ್ನ ಚಪ್ಪಲಿಗೆ ನೀರೇ ತಾಗಿರಲಿಲ್ಲ. ಅದಕ್ಕೂ ಒಂದು ಚಣ ಅವಳಿಗೆ ಖುಷಿಯಾಯಿತು. ನೀರು ನೊರೆಯನ್ನು ಹೊತ್ತು ದಿಂಡಿನ ಎರಡೂ ಬದಿಯಿಂದ ಸುತ್ತಿಕೊಂಡು, ಬಸ್ಸುಗಳ ಚಕ್ರದ ಅಡಿಯಲ್ಲಿ ನುಸುಳಿ, ನಿಧಾನವಾಗಿ ಮೋರಿಯ ಕಡೆ ಹೋಗುತ್ತಿತ್ತು. ಅದು ಇಳಿಯುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದರು, ಕೈ ಬಿಡದೆ.